ಟ್ರೇಲರ್ ಎಳೆಯುವ ವಾಹನಗಳ ಗೇರ್‌ಬಾಕ್ಸ್ ರಕ್ಷಣೆ

ವ್ಯಾನು, ಜೀಪು, ಟ್ರ್ಯಾಕ್ಟರ್ ಮೊದಲಾದ ವಾಹನಗಳು ಕ್ಯಾರವಾನ್, ಟ್ರೇಲರ್, ನೀರಿನ ಟ್ಯಾಂಕರ್ ಮುಂತಾದವನ್ನು ಹಿಂದೆ ಕಟ್ಟಿಕೊಂಡು ಎಳೆಯುವಾಗ, ಎಂಜಿನ್ನಿನ ಶಕ್ತಿಯನ್ನು ಗಾಲಿಗೆ ಮುಟ್ಟಿಸುವ ಭಾಗಗಳು ಕೆಡದಂತೆ ನೋಡಿಕೊಳ್ಳುವ ಕ್ರಮ. ಕ್ಲಚ್ ಅಥವಾ ಟಾರ್ಕ್ ಕನ್ವರ್ಟರ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಈ ಭಾಗಗಳು. ಎಳೆಯುವ ವಾಹನದ ಗೇರ್‌ಬಾಕ್ಸಿನಲ್ಲಿ ಹಲ್ಲು ಮುರಿದು ಕೆಡುವ ಪ್ರಸಂಗ ಕಡಿಮೆ, ಬೆಂದು ಕೆಡುವುದೇ ಹೆಚ್ಚು. ಜಾರುವಿಕೆಯಿಂದ ಬಿಸಿ ಹುಟ್ಟುತ್ತದೆ, ಬಿಸಿಯಿಂದ ಎಣ್ಣೆ ಸತ್ತು ಹೋಗುತ್ತದೆ, ಎಣ್ಣೆ ಸತ್ತ ಮೇಲೆ ಲೋಹ ಸವೆಯುತ್ತದೆ. ಆಟೋಮ್ಯಾಟಿಕ್ ಗೇರಿನ ವ್ಯಾನಿಗೂ ಭತ್ತ ಹೇರಿದ ಟ್ರ್ಯಾಕ್ಟರಿಗೂ ಈ ಸರಪಳಿ ಒಂದೇ. ಆದ್ದರಿಂದ ಎರಡನ್ನೂ ಇಲ್ಲಿ ಒಟ್ಟಿಗೆ ವಿವೇಚಿಸಲಾಗಿದೆ. ಉದಾಹರಣೆಗಳನ್ನು ರಾಯಚೂರು ಜಿಲ್ಲೆಯ ದೇವಸುಗೂರು, ಮಾನ್ವಿ ಮತ್ತು ದೇವದುರ್ಗದ ಕಡೆಯಿಂದ ತೆಗೆದುಕೊಂಡಿದೆ.

ರಾಯಚೂರು ಸೀಮೆಯ ಹೇರು ಮತ್ತು ಹಾದಿ

ದೇವಸುಗೂರು ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಯಲ್ಲಿರುವ ಊರು. ಸೂಗೂರೇಶ್ವರ ದೇವಾಲಯದಿಂದ ಹೆಸರಾದದ್ದು. ಊರಿಗೆ ಹೊಂದಿಕೊಂಡ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಅದರ ಮೊದಲ ಘಟಕ 1985ರಲ್ಲಿ ಉತ್ಪಾದನೆ ಆರಂಭಿಸಿತು. ಎಂಟನೆಯದು 2010ರಲ್ಲಿ ಸೇರಿದ ಮೇಲೆ ಕೇಂದ್ರದ ಒಟ್ಟು ಸಾಮರ್ಥ್ಯ 1720 ಮೆಗಾವಾಟ್ ಆಯಿತು. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಸುಟ್ಟು ಉಳಿದ ಹಾರುಬೂದಿ ಮಾತ್ರ ಬಲ್ಕರ್ ಲಾರಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿಗೂ ಟ್ರ್ಯಾಕ್ಟರುಗಳಲ್ಲಿ ಸುತ್ತಲಿನ ಇಟ್ಟಿಗೆ ಭಟ್ಟಿಗಳಿಗೂ ರಸ್ತೆಯಲ್ಲೇ ಹೋಗಬೇಕು. ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣದ ಮಕ್ತಲ್, ಮಹಬೂಬ್‌ನಗರದ ದಾರಿ. ಹೈದರಾಬಾದಿನ ಕಡೆಯಿಂದ ಮಂತ್ರಾಲಯಕ್ಕೆ ಬರುವ ಯಾತ್ರಿಕರ ವ್ಯಾನುಗಳೂ ಇದೇ ಹಾದಿ ಹಿಡಿಯುತ್ತವೆ.

ಮಾನ್ವಿಯ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯದು. ಮಾನ್ವಿಯಲ್ಲಿ ಭತ್ತ ಮತ್ತು ಅಕ್ಕಿ ಗಿರಣಿಗಳ ಸಾಲು. ಹತ್ತಿಯ ಹೇರು ಚಳಿಗಾಲದುದ್ದಕ್ಕೂ ರಾಯಚೂರಿನ ಮಾರುಕಟ್ಟೆಗೆ ಬರುತ್ತಲೇ ಇರುತ್ತದೆ. ಹೊಲದಿಂದ ಕಣ, ಕಣದಿಂದ ಗಿರಣಿ ಅಥವಾ ಎಪಿಎಂಸಿ, ಇಷ್ಟು ದೂರವನ್ನು ಬಹುಪಾಲು ಟ್ರ್ಯಾಕ್ಟರ್ ಟ್ರೇಲರೇ ಕ್ರಮಿಸುತ್ತದೆ. ನೀರು ಸಿಕ್ಕ ವರ್ಷ ಎರಡನೆಯ ಬೆಳೆಯ ಭತ್ತ ಏಪ್ರಿಲ್, ಮೇ ತಿಂಗಳಲ್ಲಿ ಕಟಾವಿಗೆ ಬರುತ್ತದೆ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವ ಕಾಲವೂ ಅದೇ. ವರ್ಷದ ಅತಿ ದೊಡ್ಡ ಹೇರು, ವರ್ಷದ ಅತಿ ದೊಡ್ಡ ಸೆಕೆ ಎರಡೂ ಒಂದೇ ವಾರದಲ್ಲಿ ಒದಗುವ ಸೀಮೆ ಇದು. ತಂಪು ದೇಶಗಳಿಗೆಂದು ಬರೆದ ಸೂಚನಾ ಪುಸ್ತಕಗಳಲ್ಲಿ ಈ ಸಂಗತಿಗೆ ಸಾಕಷ್ಟು ಜಾಗ ಸಿಕ್ಕಿಲ್ಲ.

ಮನೆಯಂತೆ ಸಜ್ಜುಗೊಳಿಸಿದ ಕ್ಯಾರವಾನನ್ನು ಕಾರು, ವ್ಯಾನುಗಳ ಹಿಂದೆ ಕಟ್ಟಿ ಎಳೆಯುವ ರೂಢಿ ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳದು. ವಿಹಾರಕ್ಕೆಂದೇ ಮಾಡಿಸಿದ ಮೊದಲ ಕ್ಯಾರವಾನ್ ಎಂದು ಹೆಸರಾದ ‘ವಾಂಡರರ್’ 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತಯಾರಾಯಿತು. ಅದನ್ನು ಎಳೆದದ್ದು ಕುದುರೆಗಳು. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಎಂಜಿನ್ ಸಮೇತ ಒಂದೇ ಒಡಲಿನ ಮೋಟಾರು ಕ್ಯಾರವಾನ್. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿದಾಗಲೂ ಒತ್ತು ಬಿದ್ದದ್ದು ಇಂಥ ವಾಹನಗಳ ಮೇಲೆ. ಎಳೆಯುವ ಕ್ಯಾರವಾನ್ ನಮ್ಮ ರಸ್ತೆಯಲ್ಲಿ ಇನ್ನೂ ಅಪರೂಪ. ಆದರೆ ಆಟೋಮ್ಯಾಟಿಕ್ ಗೇರಿನ ವಾಹನಗಳು ಜಿಲ್ಲಾ ಕೇಂದ್ರಗಳಿಗೂ ಬಂದಾಗಿದೆ. ಅವುಗಳ ಹಿಂದೆ ಸಾಮಾನಿನ ಸಣ್ಣ ಟ್ರೇಲರ್ ಕಟ್ಟುವವರು, ಕೆಟ್ಟು ನಿಂತ ಇನ್ನೊಂದು ವಾಹನವನ್ನು ಹಗ್ಗ ಹಾಕಿ ಎಳೆಯುವವರು ಕಾಣಸಿಗುತ್ತಾರೆ. ಆ ಕೆಲಸದಲ್ಲಿ ಒಳಗೆ ಏನಾಗುತ್ತದೆ ಎಂಬ ತಿಳಿವಳಿಕೆ ಮಾತ್ರ ವಾಹನದಷ್ಟು ಬೇಗ ಹಬ್ಬಿಲ್ಲ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗೆ

ಸಾಂಪ್ರದಾಯಿಕ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಒಣ ಕ್ಲಚ್ ಪ್ಲೇಟ್ ಇರುವುದಿಲ್ಲ, ಟಾರ್ಕ್ ಕನ್ವರ್ಟರ್ ಇರುತ್ತದೆ. ಇದನ್ನು ಜರ್ಮನಿಯ ಹೆರ್ಮನ್ ಫೊಟ್ಟಿಂಗರ್ ಹಡಗುಗಳ ಉಪಯೋಗಕ್ಕಾಗಿ ರೂಪಿಸಿ 1905ರಲ್ಲಿ ಪೇಟೆಂಟ್ ಪಡೆದ. ಮುಚ್ಚಿದ ಬುರುಡೆಯೊಂದರಲ್ಲಿ ಎದುರುಬದುರಾಗಿ ಎರಡು ರೆಕ್ಕೆಚಕ್ರ. ಒಂದನ್ನು ಎಂಜಿನ್ ತಿರುಗಿಸುತ್ತದೆ. ಅದು ಚಿಮ್ಮಿಸುವ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ನಡುವೆ ಇರುವ ಮೂರನೆಯ ಚಕ್ರ ಹಿಂದಿರುಗುವ ಎಣ್ಣೆಯ ದಿಕ್ಕು ತಿದ್ದಿ ಕೊಡುವುದರಿಂದ, ನಿಂತ ವಾಹನ ಹೊರಡುವಾಗ ಎಂಜಿನ್ನಿನ ತಿರುಚುಬಲ ಸುಮಾರು ಎರಡರಷ್ಟಾಗಿ ಹೊರಬರುತ್ತದೆ. ಜನರಲ್ ಮೋಟಾರ್ಸ್ 1939ರಲ್ಲಿ ಹೊರತಂದ ಹೈಡ್ರಮ್ಯಾಟಿಕ್, ಅಪಾರ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೋಮ್ಯಾಟಿಕ್. ಅದರಲ್ಲಿ ತಿರುಚುಬಲ ಹೆಚ್ಚಿಸದ ಸರಳ ದ್ರವ ಜೋಡಣೆ ಇತ್ತು. ಟಾರ್ಕ್ ಕನ್ವರ್ಟರನ್ನೇ ನೆಚ್ಚಿದ ಬ್ಯೂಕ್ ಡೈನಾಫ್ಲೋ 1948ರಲ್ಲಿ ಬಂತು.

ಕನ್ವರ್ಟರಿನ ಹಿಂದೆ ಗ್ರಹಗತಿಯ ಗೇರುಗಳು, ಅವನ್ನು ಹಿಡಿದು ಬಿಡುವ ಕ್ಲಚ್ ಪ್ಯಾಕುಗಳು, ಎಣ್ಣೆಯ ಒತ್ತಡವನ್ನು ಹಂಚುವ ವಾಲ್ವ್ ಬಾಡಿ, ಒತ್ತಡ ಹುಟ್ಟಿಸುವ ಪಂಪು ಇರುತ್ತವೆ. ಎಣ್ಣೆ ಇಲ್ಲಿ ನಾಲ್ಕು ಕೆಲಸ ಮಾಡುತ್ತದೆ: ಶಕ್ತಿ ಸಾಗಿಸುತ್ತದೆ, ಕ್ಲಚ್ ಒತ್ತುತ್ತದೆ, ಸವೆತ ತಡೆಯುತ್ತದೆ, ಬಿಸಿ ಹೊತ್ತು ಹೊರಗೆ ಒಯ್ಯುತ್ತದೆ. ಎಣ್ಣೆ ಕೆಟ್ಟರೆ ನಾಲ್ಕೂ ಒಟ್ಟಿಗೆ ಕೆಡುತ್ತವೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಬದುಕು ಎಣ್ಣೆಯ ಬದುಕೇ ಎಂದು ಮೆಕ್ಯಾನಿಕರು ಹೇಳುವುದು ಇದರಿಂದ.

ಕನ್ವರ್ಟರಿನ ಎರಡು ಚಕ್ರಗಳ ವೇಗದಲ್ಲಿ ಅಂತರವಿರುವಷ್ಟು ಕಾಲ ಶಕ್ತಿಯ ಒಂದು ಪಾಲು ಎಣ್ಣೆಯನ್ನು ಕಲಕುವುದರಲ್ಲೇ ಕಳೆದುಹೋಗುತ್ತದೆ. ಅಂತರ ಅಳಿಸಲು ಲಾಕ್‌ಅಪ್ ಕ್ಲಚ್ ಬಂತು. ಪ್ಯಾಕರ್ಡ್ ಕಂಪನಿಯ ಅಲ್ಟ್ರಾಮ್ಯಾಟಿಕ್‌ನಲ್ಲಿ 1949ರಲ್ಲೇ ಅದು ಇತ್ತು. ಇಂದು ಬಹುತೇಕ ಎಲ್ಲ ಟಾರ್ಕ್ ಕನ್ವರ್ಟರುಗಳಲ್ಲೂ ಇದೆ. ವೇಗ ಹಿಡಿದ ಮೇಲೆ ಲಾಕ್‌ಅಪ್ ಬಿಗಿದರೆ ಜಾರುವಿಕೆ ಇಲ್ಲ, ಬಿಸಿಯೂ ತೀರ ಕಡಿಮೆ. ತೊಡಕು ಇರುವುದು ಭಾರ ಎಳೆಯುತ್ತ ಏರು ಹತ್ತುವಾಗ. ಚಾಲಕ ಆಕ್ಸಿಲರೇಟರ್ ಒತ್ತಿದಷ್ಟೂ ಗೇರ್‌ಬಾಕ್ಸನ್ನು ನಿಯಂತ್ರಿಸುವ ಗಣಕ ಲಾಕ್‌ಅಪ್ ಬಿಡಿಸುತ್ತದೆ, ಗೇರು ಇಳಿಸುತ್ತದೆ, ತುಸು ವೇಗ ಬಂದೊಡನೆ ಮತ್ತೆ ಏರಿಸುತ್ತದೆ. ಹೀಗೆ ಎರಡು ಗೇರುಗಳ ನಡುವೆ ತೂಗಾಡುವಾಗ ಪ್ರತಿ ಬದಲಾವಣೆಗೂ ಕ್ಲಚ್ ಪ್ಯಾಕ್ ಒಂದಿಷ್ಟು ಜಾರುತ್ತದೆ. ಎಳೆಯುವ ವಾಹನದ ಗೇರ್‌ಬಾಕ್ಸನ್ನು ಹಾಳುಮಾಡುವುದು ಮುಖ್ಯವಾಗಿ ಈ ತೂಗಾಟ.

ಬಿಸಿಯ ಲೆಕ್ಕ

ಪ್ರಮಾಣ ತಿಳಿಯಲು ಒಂದು ಅಂದಾಜು ಲೆಕ್ಕ ನೋಡಬಹುದು. ವ್ಯಾನಿನ ತೂಕ 2000 ಕಿ.ಗ್ರಾಂ., ಕ್ಯಾರವಾನಿನದು 1200 ಕಿ.ಗ್ರಾಂ., ವೇಗ ಗಂಟೆಗೆ 60 ಕಿ.ಮೀ. ಎಂದುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ ವ್ಯಾನು ಒಂದೇ ಓಡಲು ಗಾಲಿಗಳಲ್ಲಿ ಸುಮಾರು 8 ಕಿಲೋವಾಟ್ ಶಕ್ತಿ ಸಾಕು. ಕ್ಯಾರವಾನ್ ಸೇರಿದರೆ ಗಾಳಿಯ ತಡೆ, ಉರುಳುವ ತಡೆ ಎರಡೂ ಹೆಚ್ಚಿ ಅದು 15-16ಕ್ಕೆ ಏರುತ್ತದೆ. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ 42 ಕಿಲೋವಾಟ್ ಬೇಕು. ಆಗ ಕನ್ವರ್ಟರ್ ಬಿಗಿಯದೆ ಶೇ. 15ರಷ್ಟು ಶಕ್ತಿ ಕಳೆದರೆ 7 ಕಿಲೋವಾಟಿಗೂ ಹೆಚ್ಚು ಬಿಸಿ ಎಣ್ಣೆಯಲ್ಲಿ ಹುಟ್ಟುತ್ತದೆ. ಅದನ್ನು ಹೊರಗೆ ಸಾಗಿಸುವ ಕೂಲರ್ ಇಲ್ಲದಿದ್ದರೆ ಎಣ್ಣೆ ಮತ್ತು ಲೋಹದ ಉಷ್ಣತೆ ನಿಮಿಷಕ್ಕೆ ಎಂಟು ಡಿಗ್ರಿಯ ಆಸುಪಾಸಿನಲ್ಲಿ ಏರುತ್ತ ಹೋಗುತ್ತದೆ. ಹತ್ತು ನಿಮಿಷದ ಘಾಟಿಗೆ ಇಷ್ಟು ಸಾಕು.

ಆಟೋಮ್ಯಾಟಿಕ್ ಗೇರ್ ಎಣ್ಣೆಗೆ ಹಿತವಾದ ಉಷ್ಣತೆ 80ರಿಂದ 95 ಡಿಗ್ರಿ. 110 ದಾಟಿದರೆ ಎಚ್ಚರ ಬೇಕು. 120ರ ಮೇಲೆ ಎಣ್ಣೆ ಆಮ್ಲಜನಕದೊಂದಿಗೆ ಬೆರೆತು ಅಂಟು ಮೆರುಗಾಗಿ ವಾಲ್ವುಗಳಿಗೆ ಹತ್ತತೊಡಗುತ್ತದೆ. ಇನ್ನೂ ಮೇಲೆ ಹೋದರೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ಕ್ಲಚ್ಚಿನ ಹೊದಿಕೆ ಕರಕಾಗುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಾದಾಗಲೆಲ್ಲ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಒರಟು ಸೂತ್ರ. ಇದರ ಪ್ರಕಾರ 90 ಡಿಗ್ರಿಯಲ್ಲಿ ದುಡಿಯುವ ಎಣ್ಣೆಗೆ ಹೋಲಿಸಿದರೆ 120ರಲ್ಲಿ ದುಡಿಯುವ ಎಣ್ಣೆ ಎಂಟನೆಯ ಒಂದು ಪಾಲು ಮಾತ್ರ ಬಾಳುತ್ತದೆ.

ರಾಯಚೂರಿನ ಬೇಸಿಗೆ ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಗಾಳಿಯಿಂದ ತಣಿಯುವ ಕೂಲರ್ ಹೊರಹಾಕುವ ಬಿಸಿ, ಎಣ್ಣೆಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಹೊರಗೆ 25 ಡಿಗ್ರಿ ಇದ್ದಾಗ 90 ಡಿಗ್ರಿಯ ಎಣ್ಣೆಗೆ 65 ಡಿಗ್ರಿ ಅಂತರ ಸಿಗುತ್ತದೆ. 42 ಡಿಗ್ರಿ ಬಿಸಿಲಿನಲ್ಲಿ ಸಿಗುವುದು 48 ಮಾತ್ರ. ಕೂಲರಿನ ಶಕ್ತಿ ಕಾಲು ಭಾಗ ಕಡಿಮೆಯಾದಂತಾಯಿತು. ಇದರ ಜೊತೆಗೆ ದೂಳು. ಶಕ್ತಿನಗರದ ಸುತ್ತ ಹಾರುಬೂದಿ, ಕಟಾವಿನ ಕಾಲದಲ್ಲಿ ಭತ್ತದ ಹೊಟ್ಟು, ಹತ್ತಿ ಮಾರುಕಟ್ಟೆಯ ಬಳಿ ಹತ್ತಿಯ ಎಳೆ. ಇವೆಲ್ಲ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹೊರಗಿನಿಂದ ಕಾಣದಂತೆ ಕಟ್ಟಿಕೊಳ್ಳುತ್ತವೆ. ಎಂಜಿನ್ ಕಡೆಯಿಂದ ಹೊರಮುಖವಾಗಿ ಹದವಾದ ಒತ್ತಡದಲ್ಲಿ ಗಾಳಿ ಹೊಡೆದು ಇದನ್ನು ತೆಗೆಯಬೇಕು. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಕ್ಕೆ ನುಗ್ಗುತ್ತದೆ, ಒತ್ತಡ ಹೆಚ್ಚಾದರೆ ತೆಳುವಾದ ಹಾಳೆಗಳು ಮಡಚಿಕೊಳ್ಳುತ್ತವೆ. ಖರ್ಚಿಲ್ಲದ ಈ ಕೆಲಸವನ್ನು ಮಾಡಿಸದೆ ದುಬಾರಿ ಎಣ್ಣೆ ಹುಡುಕುವುದು ವ್ಯರ್ಥ.

ಆಟೋಮ್ಯಾಟಿಕ್ ವ್ಯಾನಿನ ರಕ್ಷಣೆ

ಮೊದಲ ರಕ್ಷಣೆ ಹೆಚ್ಚುವರಿ ಎಣ್ಣೆ ಕೂಲರ್. ಅನೇಕ ವಾಹನಗಳಲ್ಲಿ ಗೇರ್ ಎಣ್ಣೆ ರೇಡಿಯೇಟರಿನ ತೊಟ್ಟಿಯೊಳಗಿನ ಕೊಳವೆಯಲ್ಲಿ ಹರಿದು ತಣಿಯುತ್ತದೆ. ಎಂಜಿನ್ ನೀರೇ 90 ಡಿಗ್ರಿಯ ಸುತ್ತ ಇರುವುದರಿಂದ ಎಣ್ಣೆ ಅದಕ್ಕಿಂತ ಕೆಳಗಿಳಿಯಲಾರದು. ಹೊರಗೆ ಗಾಳಿಗೆ ಮುಖಮಾಡಿ ಇನ್ನೊಂದು ಕೂಲರ್ ಕೂರಿಸಿ, ರೇಡಿಯೇಟರಿನಿಂದ ಹೊರಟ ಎಣ್ಣೆಯನ್ನು ಅದರ ಮೂಲಕ ಹಾಯಿಸಿ ಗೇರ್‌ಬಾಕ್ಸಿಗೆ ಮರಳಿಸಿದರೆ ಏರಿನಲ್ಲಿ ದೊಡ್ಡ ಆಸರೆ ಸಿಗುತ್ತದೆ. ನಿಧಾನವಾಗಿ ಹತ್ತುವಾಗ ಎದುರುಗಾಳಿ ಸಾಲದು, ಆದ್ದರಿಂದ ಕೂಲರಿಗೆ ಫ್ಯಾನ್ ಇರುವುದು ಒಳ್ಳೆಯದು. ರೇಡಿಯೇಟರಿನೊಳಗಿನ ಕೊಳವೆ ತುಕ್ಕು ಹಿಡಿದು ಒಡೆದರೆ ನೀರು, ಎಣ್ಣೆ ಬೆರೆತು ಗುಲಾಬಿ ಹಾಲಿನಂಥ ದ್ರವವಾಗುತ್ತದೆ. ಹಾಗಾದ ಮೇಲೆ ಕ್ಲಚ್ ಹೊದಿಕೆಗಳು ಕಿತ್ತು ಬರುತ್ತವೆ. ಹಳೆಯ ವಾಹನದಲ್ಲಿ ಭಾರ ಎಳೆಯುವ ಮುನ್ನ ರೇಡಿಯೇಟರ್ ಪರೀಕ್ಷೆ ಮಾಡಿಸಲೇಬೇಕು.

ಎರಡನೆಯದು ಉಷ್ಣತೆ ತೋರಿಸುವ ಮೀಟರ್. ಬಹಳಷ್ಟು ವ್ಯಾನುಗಳ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ನೀರಿನ ಮುಳ್ಳು ಮಾತ್ರ ಇರುತ್ತದೆ. ಗೇರ್ ಎಣ್ಣೆಯ ದೀಪ ಹೊತ್ತಿಕೊಳ್ಳುವಷ್ಟರಲ್ಲಿ ಹಾನಿ ಆಗಿರುತ್ತದೆ. ವಾಹನದ ದೋಷ ಪತ್ತೆಯ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಉಪಕರಣದಿಂದ ಅನೇಕ ಮಾದರಿಗಳಲ್ಲಿ ಗೇರ್ ಎಣ್ಣೆಯ ಉಷ್ಣತೆ ಓದಬಹುದು. 115ರ ಹತ್ತಿರ ಬಂದಾಗ ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡುತ್ತಿರಲು ಬಿಡಬೇಕು. ಎಂಜಿನ್ ಓಡುತ್ತಿದ್ದರೆ ಪಂಪು ಎಣ್ಣೆಯನ್ನು ಕೂಲರಿಗೆ ಕಳಿಸುತ್ತಲೇ ಇರುತ್ತದೆ. ಗಾಬರಿಯಿಂದ ಕೀಲಿ ತಿರುಗಿಸಿ ಆರಿಸಿದರೆ ಬಿಸಿ ಒಳಗೇ ಉಳಿಯುತ್ತದೆ.

ಮೂರನೆಯದು ಚಾಲಕನ ಕೈಯಲ್ಲಿದೆ, ಮತ್ತು ಎಲ್ಲಕ್ಕಿಂತ ಹೆಚ್ಚಿನದು. ಟ್ರೇಲರ್ ಎಳೆಯುವ ಮೋಡ್ ಇದ್ದರೆ ಅದನ್ನು ಹಾಕಬೇಕು. ಇಲ್ಲದಿದ್ದರೆ ಓವರ್‌ಡ್ರೈವ್ (ಮೇಲ್ಗೇರು) ತೆಗೆದು, ಅಥವಾ ಕೈಗೇರಿನ ಸ್ಥಾನಕ್ಕೆ ತಂದು, ಎಂಜಿನ್ ತಿಣುಕದೆ ಎಳೆಯುವ ಒಂದು ಕೆಳಗೇರಿನಲ್ಲಿ ನಿಲ್ಲಿಸಬೇಕು. ಎಂಜಿನ್ ಸದ್ದು ಹೆಚ್ಚಾಗುತ್ತದೆ, ಡೀಸೆಲ್ ತುಸು ಹೆಚ್ಚು ಉರಿಯುತ್ತದೆ, ಆದರೆ ಲಾಕ್‌ಅಪ್ ಬಿಗಿದುಕೊಂಡು ಜಾರುವಿಕೆ ನಿಲ್ಲುತ್ತದೆ. ಏರು ಹತ್ತತೊಡಗಿದ ಮೇಲಲ್ಲ, ಏರಿನ ಬುಡದಲ್ಲೇ ಗೇರು ಇಳಿಸಬೇಕು. ಇಳಿಜಾರಿನಲ್ಲೂ ಅದೇ ಕೆಳಗೇರು ಎಂಜಿನ್ ಬ್ರೇಕಿನ ಆಸರೆ ಕೊಡುತ್ತದೆ. ರಾಯಚೂರಿನ ಸುತ್ತ ದೊಡ್ಡ ಘಾಟಿ ಇಲ್ಲದ್ದರಿಂದ ಈ ಅಭ್ಯಾಸ ಇಲ್ಲಿನವರಿಗೆ ಕಡಿಮೆ. ಇದೇ ವಾಹನ ಗೋವಾದ ಕಡೆಗೋ ಶಿರಾಡಿ, ಚಾರ್ಮಾಡಿ ಘಾಟಿಗೋ ಹೋದಾಗ ಬಯಲಿನ ಅಭ್ಯಾಸವೇ ಮುಳುವಾಗುತ್ತದೆ. ಏರಿನಲ್ಲಿ ವಾಹನಗಳ ಸಾಲು ನಿಂತಾಗ ಆಕ್ಸಿಲರೇಟರ್ ಒತ್ತಿ ವಾಹನ ಹಿಡಿದು ನಿಲ್ಲಿಸುವ ರೂಢಿಯಂತೂ ಕೂಡದು. ನಿಂತ ಗಾಡಿಯಲ್ಲಿ ಎಂಜಿನ್ನಿನ ಇಡೀ ಶಕ್ತಿ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ.

ಎಣ್ಣೆ ಬದಲಿಸುವ ಅವಧಿಯನ್ನು ಕಂಪನಿಯ ಕೈಪಿಡಿ ಹೇಳುತ್ತದೆ. ಟ್ರೇಲರ್ ಎಳೆಯುವುದು, ಸುಡುಬಿಸಿಲು, ದೂಳು ಮೂರನ್ನೂ ಕೈಪಿಡಿಗಳು ಕಠಿಣ ಬಳಕೆಯ ಪಟ್ಟಿಗೆ ಸೇರಿಸಿ, ಅವಧಿಯನ್ನು ಮೊಟಕುಗೊಳಿಸುತ್ತವೆ. ‘ಜೀವಮಾನಕ್ಕೆ ಒಂದೇ ಎಣ್ಣೆ’ ಎಂಬ ಮಾತನ್ನು ಎಳೆಯುವ ವಾಹನದಲ್ಲಿ ನಂಬಬಾರದು. ಡಿಪ್‌ಸ್ಟಿಕ್ ಇರುವ ಮಾದರಿಗಳಲ್ಲಿ ಬಹುಪಾಲು, ಎಣ್ಣೆ ಬಿಸಿಯಾಗಿ ಎಂಜಿನ್ ಓಡುತ್ತಿರುವಾಗ ಮಟ್ಟ ನೋಡಬೇಕು. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪು. ಕಂದು ಬಣ್ಣ, ಸೀದ ವಾಸನೆ ಬಂದರೆ ಒಳಗೆ ಕ್ಲಚ್ ಬೆಂದಿದೆ ಎಂದರ್ಥ. ಎಣ್ಣೆ ಯಾವ ನಿರ್ದಿಷ್ಟತೆಯದೋ ಅದನ್ನೇ ಹಾಕಬೇಕು. ಕ್ಲಚ್ಚಿನ ಹಿಡಿತ ಎಣ್ಣೆಯ ರಸಾಯನವನ್ನು ನೆಚ್ಚಿರುವುದರಿಂದ, ಬಣ್ಣ ಒಂದೇ ಇದ್ದ ಮಾತ್ರಕ್ಕೆ ಬೇರೆ ಎಣ್ಣೆ ನಡೆಯುತ್ತದೆ ಎನ್ನುವಂತಿಲ್ಲ.

ಇತರ ಬಗೆಯ ಆಟೋಮ್ಯಾಟಿಕ್‌ಗಳು ಎಳೆತಕ್ಕೆ ಇನ್ನೂ ಸೂಕ್ಷ್ಮ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಭಾರತದಲ್ಲಿ ಜನಪ್ರಿಯವಾದ ಎಎಂಟಿ, ನಿಜವಾಗಿ ಕೈಗೇರಿನ ಪೆಟ್ಟಿಗೆಯೇ. ಕ್ಲಚ್ ಒತ್ತುವ ಕೆಲಸ ಯಂತ್ರದ್ದು. ಏರಿನಲ್ಲಿ ತೆವಳುವಾಗ ಅದರ ಒಣ ಕ್ಲಚ್ ಹಾಫ್ ಕ್ಲಚ್ಚಿನಲ್ಲೇ ಸುಡುತ್ತದೆ. ಎರಡು ಕ್ಲಚ್ಚಿನ ಗೇರ್‌ಬಾಕ್ಸಾದ ಡಿಸಿಟಿಯಲ್ಲಿ ಕ್ಲಚ್ ಒಣ ಬಗೆಯದಾದರೆ ಅದಕ್ಕೂ ಇದೇ ಕಷ್ಟ. ಹಂತಗಳಿಲ್ಲದೆ ಗೇರು ಬದಲಿಸುವ ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ರಾಟೆಯ ಮೇಲೆ ಜಾರಿದರೆ ಗೀರು ಬಿದ್ದು ದುರಸ್ತಿಗೆ ಬಾರದಾಗುತ್ತದೆ. ಟಾರ್ಕ್ ಕನ್ವರ್ಟರ್ ಬಿಟ್ಟು ಇನ್ನಾವುದರ ಹಿಂದೆಯೂ ಕಂಪನಿಯ ಲಿಖಿತ ಅನುಮತಿ ಇಲ್ಲದೆ ಟ್ರೇಲರ್ ಕಟ್ಟದಿರುವುದೇ ಲೇಸು.

ಕೆಟ್ಟು ನಿಂತ ಆಟೋಮ್ಯಾಟಿಕ್ ವಾಹನವನ್ನು ಹಗ್ಗ ಕಟ್ಟಿ ಎಳೆದೊಯ್ಯುವುದು ಇನ್ನೊಂದು ಬಗೆಯ ಅನಾಹುತ. ಎಂಜಿನ್ ನಿಂತಿದ್ದರೆ ಪಂಪು ತಿರುಗುವುದಿಲ್ಲ. ಚಾಲಕ ಗಾಲಿಗಳು (ಎಂಜಿನ್ನಿನ ಶಕ್ತಿ ಮುಟ್ಟುವ ಗಾಲಿಗಳು) ಉರುಳುತ್ತ ಗೇರುಗಳನ್ನು ತಿರುಗಿಸುತ್ತವೆ, ಎಣ್ಣೆ ಮಾತ್ರ ತಲುಪದು. ದೇವಸುಗೂರಿನಿಂದ ರಾಯಚೂರಿನ ಗ್ಯಾರೇಜ್ ಮುಟ್ಟುವಷ್ಟರಲ್ಲಿ ಸಣ್ಣ ದುರಸ್ತಿ ದೊಡ್ಡದಾಗಿರುತ್ತದೆ. ಚಾಲಕ ಗಾಲಿಗಳನ್ನು ನೆಲದಿಂದ ಎತ್ತಿ, ಅಥವಾ ಇಡೀ ವಾಹನವನ್ನು ಸಪಾಟು ಹಾಸಿನ ಲಾರಿಯ ಮೇಲೇರಿಸಿ ಒಯ್ಯಬೇಕು.

ಟ್ರ್ಯಾಕ್ಟರ್ ಮತ್ತು ಟ್ರೇಲರ್

ಜಿಲ್ಲೆಯ ನಿಜವಾದ ಎಳೆತ ಟ್ರ್ಯಾಕ್ಟರಿನದು. ಈ ಸೀಮೆಯಲ್ಲಿ ಭತ್ತದ ವ್ಯವಹಾರ 75 ಕಿ.ಗ್ರಾಂ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. 80 ಚೀಲ ಹೇರಿದರೆ 6 ಟನ್. ಟ್ರ್ಯಾಕ್ಟರಿಗೆ 2 ಟನ್, ಖಾಲಿ ಟ್ರೇಲರಿಗೆ ಒಂದೂವರೆ ಟನ್ ಸೇರಿಸಿದರೆ ಒಟ್ಟು ಒಂಬತ್ತೂವರೆ ಟನ್ ಆಗುತ್ತದೆ. ನೂರಕ್ಕೆ ಐದರ ಏರಿನಲ್ಲಿ 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಈ ಹೇರನ್ನು ಗಂಟೆಗೆ ಹೆಚ್ಚೆಂದರೆ 15 ಕಿ.ಮೀ. ವೇಗದಲ್ಲಿ ಎಳೆಯಬಲ್ಲದು. ಇದಕ್ಕಿಂತ ಮೇಲಿನ ಗೇರಿನಲ್ಲಿ ಹತ್ತಿಸಲು ಹೋದರೆ ಎಂಜಿನ್ ಕುಗ್ಗುತ್ತದೆ. ಚಾಲಕ ಕ್ಲಚ್ ಒತ್ತುತ್ತಾನೆ, ಹೇರು ಹಿಂದಕ್ಕೆ ಜಗ್ಗುತ್ತದೆ, ಹಾಫ್ ಕ್ಲಚ್ಚಿನಲ್ಲಿ ಪ್ಲೇಟ್ ಸುಡುತ್ತದೆ. ಹಳೆಯ ಮಾದರಿಯ ಗೇರ್‌ಬಾಕ್ಸುಗಳಲ್ಲಿ ಹಲ್ಲುಗಳು ಜಾರಿ ಸೇರಿಕೊಳ್ಳುವುದರಿಂದ, ಹೇರು ಹೊತ್ತು ಏರುವಾಗ ನಡುವೆ ಗೇರು ಬದಲಿಸಲಾಗದು. ಹೈ ಲೋ ಲಿವರನ್ನೂ ಗೇರನ್ನೂ ಏರಿನ ಬುಡದಲ್ಲೇ ನಿಶ್ಚಯಿಸಿ, ಮೇಲೆ ಮುಟ್ಟುವವರೆಗೆ ಅದರಲ್ಲೇ ಸಾಗಬೇಕು. ಆಟೋಮ್ಯಾಟಿಕ್ ವ್ಯಾನಿಗೆ ಹೇಳಿದ ಕೆಳಗೇರಿನ ನಿಯಮವೇ ಇದು.

ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಲಿಫ್ಟ್, ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇವೆಲ್ಲಕ್ಕೂ ಒಂದೇ ಎಣ್ಣೆ. ಗೇರಿಗೆ ದಪ್ಪ ಎಣ್ಣೆ ಒಳ್ಳೆಯದೆಂದು ಅಂಗಡಿಯಲ್ಲಿ ಸಿಕ್ಕ ಸಾದಾ ಗೇರ್ ಆಯಿಲ್ ಸುರಿದರೆ ಲಿಫ್ಟ್ ಮಂದವಾಗುತ್ತದೆ, ಬ್ರೇಕ್ ಕಿರುಚುತ್ತದೆ. ಮಾನ್ವಿಯ ಗದ್ದೆಗಳಲ್ಲಿ ಕೇಜ್ ವೀಲ್ ಕಟ್ಟಿ ಕೆಸರು ಮಾಡುವ ಟ್ರ್ಯಾಕ್ಟರಿಗೆ ಇನ್ನೊಂದು ಅಪಾಯವಿದೆ. ಆಕ್ಸಲ್ ಸೀಲು ಸವೆದಿದ್ದರೆ ಕೆಸರುನೀರು ಒಳಸೇರಿ ಎಣ್ಣೆ ಹಾಲಿನಂತಾಗುತ್ತದೆ. ಅದೇ ಟ್ರ್ಯಾಕ್ಟರ್ ಕೆಲವು ತಿಂಗಳ ಮೇಲೆ ಅದೇ ಎಣ್ಣೆಯಲ್ಲಿ ಹೇರು ಎಳೆಯಲು ರಸ್ತೆಗೆ ಬಂದರೆ ಬೇರಿಂಗುಗಳು ಉಳಿಯುವುದಿಲ್ಲ. ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಡ್ರೈನ್ ಪ್ಲಗ್ ತುಸು ಸಡಿಲಿಸಿದರೆ ತಳಕ್ಕಿಳಿದ ನೀರು ಮೊದಲು ಬರುತ್ತದೆ. ನಾಟಿಯ ಕೆಲಸ ಮುಗಿದ ಕೂಡಲೇ ಇಷ್ಟು ಪರೀಕ್ಷೆ ಮಾಡಿಕೊಳ್ಳುವುದು ರೈತನಿಗೆ ದೊಡ್ಡ ಉಳಿತಾಯ. ಗೇರ್‌ಬಾಕ್ಸಿನ ಉಸಿರುಗಂಡಿ ಕೆಸರಿನಿಂದಲೋ ಬೂದಿಯಿಂದಲೋ ಮುಚ್ಚಿದ್ದರೆ ಬಿಸಿಗೆ ಒಳಗಿನ ಗಾಳಿ ಉಬ್ಬಿ ಸೀಲುಗಳಿಂದ ಎಣ್ಣೆ ಹೊರದೂಡುತ್ತದೆ. ಸೀಲು ಬದಲಿಸಿದರೂ ಸೋರಿಕೆ ನಿಲ್ಲದಿದ್ದರೆ ಮೊದಲು ನೋಡಬೇಕಾದದ್ದು ಇದನ್ನು.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಬಿಡುವ ಚಾಳಿ ಜಿಲ್ಲೆಯ ರಸ್ತೆಗಳಲ್ಲಿ ಸಾಮಾನ್ಯ. ಇದನ್ನು ಕಟುವಾಗಿ ಖಂಡಿಸಬೇಕು. ನ್ಯೂಟ್ರಲ್ಲಿನಲ್ಲಿ ಎಂಜಿನ್ನಿನ ತಡೆ ಇಲ್ಲ, ಬ್ರೇಕಿಲ್ಲದ ಟ್ರೇಲರ್ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ವೇಗ ಏರಿದ ಮೇಲೆ ಗೇರು ಸೇರುವುದಿಲ್ಲ. ಒತ್ತಾಯದಿಂದ ಸೇರಿಸಿದರೆ ಹಲ್ಲು ಚೂರಾಗುತ್ತದೆ. ಟ್ರ್ಯಾಕ್ಟರಿಗೆ ಎಡ ಬಲ ಗಾಲಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತದೆ. ಹೊಲದಲ್ಲಿ ತಿರುಗಿಸಲು ಅನುಕೂಲವಾದ ಇವನ್ನು ರಸ್ತೆಗೆ ಬಂದಾಗ ಚಿಲಕ ಹಾಕಿ ಜೋಡಿಸದೆ ಇದ್ದರೆ ಒಂದೇ ಕಡೆಯ ಗಾಲಿ ಹಿಡಿದು ಟ್ರೇಲರ್ ಮಡಚಿಕೊಂಡು ಉರುಳುತ್ತದೆ. ಜಾತ್ರೆ, ಮದುವೆ, ಕೂಲಿ ಕೆಲಸಕ್ಕೆ ಜನರನ್ನು ಟ್ರೇಲರಿನಲ್ಲಿ ತುಂಬಿಕೊಂಡು ಹೋಗುವ ಊರುಗಳಲ್ಲಿ ಈ ಒಂದು ಚಿಲಕಕ್ಕೆ ಎಷ್ಟೋ ಪ್ರಾಣಗಳ ಬೆಲೆ ಇದೆ. ಟ್ರೇಲರಿನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೂ ವಿರುದ್ಧ.

ತೂಕ, ಕೊಂಡಿ, ಬ್ರೇಕ್

ಗೇರ್‌ಬಾಕ್ಸಿನ ಮೇಲಿನ ಹೊರೆ ಕೊಂಡಿಯಿಂದಲೇ ಶುರುವಾಗುತ್ತದೆ. ಎತ್ತಿನ ಬಂಡಿಗೆ ಚೀಲ ಹೇರುವವರು ಮುಂಭಾರ, ಹಿಂಭಾರ ನೋಡಿ ಹೇರುವಂತೆ ಟ್ರೇಲರಿನಲ್ಲೂ ಭಾರ ಹಂಚಬೇಕು. ಕ್ಯಾರವಾನಿನ ಮೂಗು ವ್ಯಾನಿನ ಕೊಂಡಿಯ ಮೇಲೆ ಊರುವ ಭಾರ ಅದರ ಒಟ್ಟು ತೂಕದ ಶೇ. 5ರಿಂದ 7 ಇರಲಿ ಎಂಬುದು ಯೂರೋಪಿನ ರೂಢಿ. ಅಮೆರಿಕದಲ್ಲಿ ಶೇ. 10ರಿಂದ 15 ಎನ್ನುತ್ತಾರೆ. ಮೂಗು ಹಗುರಾದರೆ ಕ್ಯಾರವಾನ್ ಬಾಲದಂತೆ ಅಲ್ಲಾಡುತ್ತದೆ. ತೀರ ಭಾರವಾದರೆ ವ್ಯಾನಿನ ಮುಂದಿನ ಗಾಲಿಗಳು ಹಿಡಿತ ಕಳೆದುಕೊಳ್ಳುತ್ತವೆ. ಮುಂಗಾಲಿ ಚಾಲನೆಯ ವ್ಯಾನಿನಲ್ಲಿ ಆಗ ಗಾಲಿ ಸುಮ್ಮನೆ ಸುತ್ತಿ, ಸಟ್ಟನೆ ಹಿಡಿದು, ಆ ಹೊಡೆತ ಗೇರಿಗೆ ಬೀಳುತ್ತದೆ. ಹೊಸಬರು ಎಳೆಯುವ ಕ್ಯಾರವಾನ್ ವಾಹನದ ಖಾಲಿ ತೂಕದ ಶೇ. 85ರ ಒಳಗಿರಲಿ ಎಂದು ಬ್ರಿಟನ್ನಿನಲ್ಲಿ ಸಲಹೆ ಕೊಡುತ್ತಾರೆ. ಮಾನ್ವಿ, ರಾಯಚೂರಿನಲ್ಲಿ ತೂಗಿಸಿ ನೋಡುವುದು ಕಷ್ಟವಲ್ಲ. ಲಾರಿ ತೂಗುವ ವೇ ಬ್ರಿಡ್ಜ್‌ನಲ್ಲಿ ವ್ಯಾನು, ಕ್ಯಾರವಾನ್ ಎರಡನ್ನೂ ಸಾಮಾನು ಸಮೇತ ಬೇರೆ ಬೇರೆ ತೂಗಿಸಿಕೊಳ್ಳಬಹುದು. ಅಂದಾಜಿಗಿಂತ ನಿಜವಾದ ತೂಕ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

ಟ್ರ್ಯಾಕ್ಟರಿನಲ್ಲಿ ಕೊಂಡಿಯ ಎತ್ತರ ಮುಖ್ಯ. ಟ್ರೇಲರನ್ನು ಆಕ್ಸಲ್ಲಿಗಿಂತ ಮೇಲೆ ಕಟ್ಟಿದರೆ ಏರಿನಲ್ಲಿ ಮುಂದಿನ ಗಾಲಿಗಳು ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಕಂಪನಿ ಕೊಟ್ಟ ಕೊಂಡಿಯಲ್ಲೇ, ಪಿನ್ನಿಗೆ ಲಾಕ್ ಹಾಕಿ ಕಟ್ಟಬೇಕು.

ಕಾನೂನು ಮತ್ತು ಪರೀಕ್ಷೆ

1988ರ ಮೋಟಾರು ವಾಹನ ಕಾಯ್ದೆ, ಮೋಟಾರು ವಾಹನದಿಂದ ಎಳೆಯಲ್ಪಡುವ ವಾಹನವನ್ನು ಟ್ರೇಲರ್ ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. ನೋಂದಣಿಯೂ ಪ್ರತ್ಯೇಕ. 2019ರ ತಿದ್ದುಪಡಿಯ ನಂತರ ಅನುಮತಿಸಿದ ತೂಕ ಮೀರಿದರೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಕಂಪನಿಯ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೆಯ ಕಲಂ ನಿರ್ಬಂಧಿಸುತ್ತದೆ. ಆದ್ದರಿಂದ ಖಾಸಗಿ ವ್ಯಾನಿಗೆ ಎಳೆಯುವ ಕೊಂಡಿ ಬೆಸೆಯಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು.

ಭಾರತದಲ್ಲಿ ಟ್ರ್ಯಾಕ್ಟರುಗಳನ್ನು ಐಎಸ್ 5994 ಎಂಬ ಮಾನಕದಂತೆ ಪರೀಕ್ಷಿಸುತ್ತಾರೆ. ಮಧ್ಯಪ್ರದೇಶದ ಬುಧ್ನಿಯ ಕೇಂದ್ರ ಸಂಸ್ಥೆ ಇದಕ್ಕೆ ಪ್ರಸಿದ್ಧ. ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಪರೀಕ್ಷಾ ವರದಿಯಲ್ಲಿ ಎಳೆಯುವ ಬಲ, ಗಾಲಿಯ ಜಾರುವಿಕೆಯ ಜೊತೆಗೆ ಗೇರ್ ಎಣ್ಣೆ ಮುಟ್ಟಿದ ಗರಿಷ್ಠ ಉಷ್ಣತೆಯೂ ದಾಖಲಾಗುತ್ತದೆ. ಟ್ರ್ಯಾಕ್ಟರ್ ಕೊಳ್ಳುವವರು ಅಶ್ವಶಕ್ತಿಯ ಅಂಕಿ ನೋಡಿ ತೀರ್ಮಾನಿಸುತ್ತಾರೆ. ಹೇರು ಎಳೆಯುವವರಿಗೆ ಉಷ್ಣತೆಯ ಅಂಕಿ ಅದಕ್ಕಿಂತ ಹೆಚ್ಚು ಹೇಳುತ್ತದೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಇಂಥ ವರದಿಗಳನ್ನು ಓದಿ ಹೇಳಬಲ್ಲವರು ಜಿಲ್ಲೆಯಲ್ಲೇ ಇದ್ದಾರೆ. ಟ್ರ್ಯಾಕ್ಟರ್ ಚಾಲಕರಿಗೆ ಕನ್ನಡದಲ್ಲಿ, ಬೇಸಿಗೆಯ ಕಟಾವಿಗೆ ಮುಂಚೆ, ಹೇರು ಎಳೆಯುವುದರ ಬಗ್ಗೆಯೇ ಸಣ್ಣ ತರಬೇತಿಗಳು ನಡೆಯಬೇಕು. ಬಿತ್ತನೆ, ಸಿಂಪಡಣೆಗೆ ಸಿಗುವ ಗಮನ ಸಾಗಣೆಗೂ ಸಿಗಬೇಕಾದದ್ದು ನ್ಯಾಯ.

ಕೆಡುವ ಮುನ್ನ ಗೇರ್‌ಬಾಕ್ಸ್ ಸೂಚನೆ ಕೊಡುತ್ತದೆ. ಆಟೋಮ್ಯಾಟಿಕ್ ವ್ಯಾನಿನಲ್ಲಿ ಡ್ರೈವ್ ಹಾಕಿದ ಮೇಲೆ ತಡವಾಗಿ ಎಳೆತ ಬರುವುದು, ಎಂಜಿನ್ ವೇಗ ಏರಿದರೂ ಗಾಡಿ ಮುಂದೆ ಹೋಗದಿರುವುದು, ಗೇರು ಬದಲಾಗುವಾಗ ಜರ್ಕ್ ಹೊಡೆಯುವುದು ಮೊದಲ ಲಕ್ಷಣಗಳು. ಟ್ರ್ಯಾಕ್ಟರಿನಲ್ಲಿ ಕ್ಲಚ್ ಸೀದ ವಾಸನೆ, ಗೇರು ತಾನೇ ಕಳಚುವುದು, ಹಿಂಭಾಗದಿಂದ ಗೊಣಗುವ ಸದ್ದು. ಈ ಹಂತದಲ್ಲಿ ಹೇರು ಕಳಚಿ ಗ್ಯಾರೇಜಿಗೆ ಒಯ್ದರೆ ಎಣ್ಣೆ, ಸೀಲು, ಪ್ಲೇಟಿನ ಖರ್ಚಿನಲ್ಲಿ ಮುಗಿಯುತ್ತದೆ. ಇದೊಂದು ಹೇರು ಮುಟ್ಟಿಸಿಬಿಡೋಣ ಎಂದು ಮುಂದುವರಿದರೆ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ, ಮತ್ತು ಅದನ್ನು ಬಿಚ್ಚಬೇಕಾಗುವುದು ಕಟಾವಿನ ನಡುವೆ, ಬಾಡಿಗೆಗೆ ಇನ್ನೊಂದು ಟ್ರ್ಯಾಕ್ಟರ್ ಸಿಗದ ದಿನಗಳಲ್ಲೇ. ಎರಡನೆಯ ಬೆಳೆಯ ಹೇರು ಶುರುವಾಗುವ ಮುಂಚೆ, ಮಾರ್ಚ್ ತಿಂಗಳಲ್ಲೇ, ಗೇರ್ ಎಣ್ಣೆಯ ಮಟ್ಟ ಮತ್ತು ಬಣ್ಣ, ಉಸಿರುಗಂಡಿ, ರೇಡಿಯೇಟರ್, ಬ್ರೇಕ್ ಪೆಡಲಿನ ಚಿಲಕ ಇಷ್ಟನ್ನು ಪ್ರತಿಯೊಬ್ಬ ಟ್ರ್ಯಾಕ್ಟರ್ ಮಾಲೀಕರೂ ಪರೀಕ್ಷಿಸಿಕೊಳ್ಳಬೇಕು.